ಎರಡೂ ಕಡೆ ಗೆಲ್ಲುವ ಕಾಕಾ

ಟಿವಿಯವರು ಚರ್ಚೆಗೆಂದು ನಾಲ್ಕು ಜನರನ್ನು ಕರೆದು, ನಾಲ್ಕು ಕುರ್ಚಿ ಹಾಕಿ, ನಾಲ್ಕು ಕಪ್ ಚಹಾ ಯಾಕೆ ದಂಡ ಮಾಡುತ್ತಾರೋ ನನಗಂತೂ ತಿಳಿಯದು! ಕಾಗವಾಡದ ನಮ್ಮ ಕಾಕಾ ಒಬ್ಬರನ್ನು ಕರೆಸಿದರೆ ಸಾಕು. ಆಳುವ ಪಕ್ಷವೂ ಅವರೇ, ವಿರೋಧ ಪಕ್ಷವೂ ಅವರೇ. ನಡುವೆ ಕೂತು 'ಶಾಂತವಾಗಿರಿ' ಎಂದು ಎಲ್ಲರಿಗಿಂತ ಜೋರಾಗಿ ಕಿರುಚುವವನ ಕೆಲಸವನ್ನೂ ಅವರೇ ಮಾಡಿಯಾರು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ದ್ರಾಕ್ಷಿ ತೋಟವಿದೆ, ಆದರೆ ವರ್ಷವಿಡೀ ಬೆಳೆಯುವುದು ವಾದವನ್ನೇ. ಅವರಿಗೆ ಸ್ವಂತ ಅಭಿಪ್ರಾಯ ಇಲ್ಲವೆಂದಲ್ಲ. ಎದುರಿಗಿದ್ದವನ ಅಭಿಪ್ರಾಯ ಗೊತ್ತಾಗುವ ತನಕ ಅದನ್ನು ಹೊರಗೆ ತೆಗೆಯುವುದಿಲ್ಲ, ಅಷ್ಟೆ. ಒಮ್ಮೆ ಊಟಕ್ಕೆ ಬಂದ ಬೀಗರೊಬ್ಬರು ಹನಿ ನೀರಾವರಿಯೇ ಒಳ್ಳೆಯದೆಂದರು. ಕಾಕಾ ಕಾಲುವೆ ನೀರಿನ ಪರವಾಗಿ ಅವರ ತಲೆ ತಿಂದರು. ಬೀಗರು ಸುಸ್ತಾಗಿ, "ಖರೇ ಐತಿ ಬಿಡ್ರಿ, ಕಾಲುವಿ ನೀರs ಚಲೋ" ಎಂದರು. ಕಾಕಾ ಬಿಟ್ಟಾರೆಯೇ? "ಹಂಗ ಹೆಂಗಂತೀರಿ? ಹನಿ ನೀರಾವರಿ ನಿಮಗೇನ ಮಾಡೇತಿ?" ಎಂದು ಆ ಕಡೆಯಿಂದ ಶುರು ಹಚ್ಚಿದರು. ಬೀಗರು ಊಟ ಬಿಟ್ಟು ಬಸ್ಸು ಹತ್ತಿದರು.

ಇಂಥವರಿಗೂ ಒಂದೇ ಒಂದು ಗಟ್ಟಿ ನಂಬಿಕೆ ಇತ್ತು: "ದವಾಖಾನಿ ಆ ಕಡೆ, ಕೋರ್ಟು ಈ ಕಡೆ." ಆ ಕಡೆ ಎಂದರೆ ಗಡಿಯಾಚೆಯ ಮಹಾರಾಷ್ಟ್ರ. ನಮ್ಮ ಭಾಗದವರೆಲ್ಲ ಹೀಗೇ. ಜಮೀನಿನ ತಂಟೆ ಬಂದರೆ ಚಿಕ್ಕೋಡಿ ಕಡೆ ಮುಖ ಮಾಡುತ್ತೇವೆ, ಜ್ವರ ಬಂದರೆ ಗಡಿ ದಾಟುತ್ತೇವೆ. ಕಾಕಾ ಮಾತ್ರ ಇದನ್ನು ವ್ರತದ ಹಾಗೆ ಹಿಡಿದವರು. ಒಮ್ಮೆ ಮೊಣಕಾಲು ನೋವಿಗೆ ಇಲ್ಲಿಯ ಸರ್ಕಾರಿ ಡಾಕ್ಟರು ಮುಲಾಮು ಕೊಟ್ಟರು, ನೋವು ಹೋಯಿತು. ನೋವು ಹೋದದ್ದು ಖರೆಯೋ ಸುಳ್ಳೋ ತಿಳಿಯಲು ಕಾಕಾ ಆ ಕಡೆಗೆ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬಂದರು!

ಆಗೊಮ್ಮೆ ಟಿವಿಯಲ್ಲಿ ದೊಡ್ಡ ಗದ್ದಲ. ಯಾವುದೋ ಊರಿನ ಹೆಣ್ಣುಮಗಳೊಬ್ಬಳು ತನಗೆ ಬಸಿರು ಬೇಡವೆಂದು ಕೋರ್ಟಿಗೆ ಹೋಗಿದ್ದಳು. ಒಂದು ಪಕ್ಷದವರು ಇನ್ನೊಂದು ಪಕ್ಷದವರ ಮೇಲೆ ಏರಿ ಹೋಗುತ್ತಿದ್ದರು. ಕಾಕಾನಿಗೆ ಹಬ್ಬ! ಮುಂಜಾನೆ ಚಹಾದಂಗಡಿಯಲ್ಲಿ, "ಮೈ ಅಕೀದು, ಮಾತೂ ಅಕೀದು. ಜಡ್ಜ್ ಸಾಹೇಬ್ರು ಬಂದು ಹೊರತಾರೇನ್ರಿ?" ಎಂದು ಮೇಜು ಕುಟ್ಟಿದರು. ಎಲ್ಲರೂ ಹೌದೆಂದುಬಿಟ್ಟರು. ಪಾಪ, ಕಾಕಾನ ಮುಖ ಬಾಡಿತು. ಸಂಜೆ ನಿವೃತ್ತ ಮಾಸ್ತರರ ಕಟ್ಟೆಗೆ ಹೋಗಿ, "ಅಕೀಗಿ ವಕೀಲ ಅದಾನ, ಸರ್ಕಾರಕ್ಕ ವಕೀಲ ಅದಾನ. ಹೊಟ್ಟ್ಯಾಗಿನ ಕೂಸಿಗೆ ಯಾರದಾರ್ರಿ?" ಎಂದು ಕೇಳಿದರು. ಮಾಸ್ತರರು ಕಣ್ಣೊರೆಸಿಕೊಂಡರಂತೆ. ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದ ಗಂಡನನ್ನು ಕಾಕಿ ಕೇಳಿದಳು: "ಎರಡೂ ಕಡೆ ಗೆದ್ದು ಬಂದೀರಿ. ಇನ್ನ ಯಾವ ಮಗ್ಗಲಾ ಮಲಗ್ತೀರಿ?"

ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಈಗ ನೆನೆಸಿಕೊಂಡರೆ ನಗು ಬರುವುದಿಲ್ಲ.

ಕಾಕಾನಿಗೆ ಒಬ್ಬಳೇ ಮಗಳು, ಸುಜಾತಾ. ರಾಯಬಾಗದ ಕಡೆಗೆ ಕೊಟ್ಟಿದ್ದರು. ಮೂರು ವರ್ಷದ ಕೂಸು ಮಡಿಲಲ್ಲಿರುವಾಗಲೇ ಅವಳ ಗಂಡ ಒಂದು ದಿನ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮುಟ್ಟು ನಿಂತದ್ದನ್ನು ಸುಜಾತಾ ದುಃಖಕ್ಕೆ ನಿಂತಿದೆ ಎಂದುಕೊಂಡಳು. ಬಸಿರೆಂದು ಗೊತ್ತಾಗುವ ಹೊತ್ತಿಗೆ ತಿಂಗಳುಗಳು ಸರಿದಿದ್ದವು. "ನಮ್ಮ ಮಗ ತಿರುಗಿ ಬರಾಕತ್ತಾನ" ಎಂದು ಅತ್ತೆ-ಮಾವ ದೇವರಿಗೆ ಕಾಯಿ ಒಡೆಸಿದರು. ಅವಳು ತವರಿಗೆ ಬಂದು ಅಪ್ಪನ ಮುಂದೆ ಕೂತಳು.

"ಅಪ್ಪಾ, ನನಗ ಆಗೂದಿಲ್ಲ."

"ಹಂಗಂದ್ರ ಹೆಂಗ ಯವ್ವಾ..."

"ಸಾಯ್ತೀನಂತ ಹೇಳಾಕತ್ತಿಲ್ಲ. ಇನ್ನೊಂದು ಕೂಸು ಹೆತ್ತು ಸಾಕೂದು ನನಗ ಆಗೂದಿಲ್ಲ. ಅಷ್ಟs."

ಜೀವನದಲ್ಲಿ ಮೊದಲ ಸಲ ಕಾಕಾ ಎದುರುವಾದ ಮಾಡಲಿಲ್ಲ. ಮರುದಿನವೇ ಅವಳನ್ನು ಕರೆದುಕೊಂಡು ಹೊರಟರು. ಎಲ್ಲಿಗೆ? ಆ ಕಡೆಗೆ! ಹಾರೂಗೇರಿಯ ಶಾಲೆಯಲ್ಲಿ ಕಲಿಸುವ ನಾನೂ ರಜೆ ಹಾಕಿ ಜೊತೆಗೆ ಹೋದೆ. ಗಂಡ ಸತ್ತವಳಿಗೆ ಬಸಿರು ತೆಗೆಸಲು ಕಾನೂನು ಇಪ್ಪತ್ತನಾಲ್ಕು ವಾರದ ತನಕ ಅವಕಾಶ ಕೊಡುತ್ತದೆ, ಅವಳೊಬ್ಬಳ ಒಪ್ಪಿಗೆ ಸಾಕು ಎಂದು ಅಲ್ಲಿಯ ಡಾಕ್ಟರೇ ಹೇಳಿದರು. ಅಷ್ಟರಲ್ಲಿ ಅತ್ತೆ-ಮಾವ ಫೋನು ಮಾಡಿ, ಪೊಲೀಸರಿಗೆ ಹೇಳುತ್ತೇವೆಂದು ಹೆದರಿಸಿದರು. ಡಾಕ್ಟರ ದನಿ ಬದಲಾಯಿತು. ನಿಮ್ಮ ರಾಜ್ಯದ ದವಾಖಾನೆಯಿಂದ ಬರೆಸಿಕೊಂಡು ಬನ್ನಿ ಎಂದರು. ಈ ಕಡೆಗೆ ಬಂದರೆ ಇಲ್ಲಿಯ ಡಾಕ್ಟರು, ತಪಾಸಣೆ ಆ ಕಡೆಯದು, ಇಲ್ಲಿ ಮೊದಲಿನಿಂದ ಆಗಬೇಕು ಎಂದರು. ನಡುವೆ ಹಬ್ಬದ ರಜೆ. ಗಡಿ ಎಂಬುದು ನಮಗೆ ಯಾವತ್ತೂ ಅಡ್ಡ ಬಂದದ್ದಿಲ್ಲ. ಸುಜಾತಾಳ ಪಾಲಿಗೆ ಗೋಡೆಯಾಗಿ ನಿಂತಿತು. ಕಾಗದ ಕೈಗೆ ಬರುವಷ್ಟರಲ್ಲಿ ಬಸಿರು ಕಾನೂನು ಎಳೆದ ಗೆರೆ ದಾಟಿತ್ತು. ಇನ್ನು ಕೋರ್ಟೇ ಗತಿ ಎಂದರು ವಕೀಲರು.

ದೊಡ್ಡ ಕೋರ್ಟಿನಲ್ಲಿ ಹಿಂದಿನ ಬೆಂಚಿನ ಮೇಲೆ ನಾವು ಮೂವರು. ನಮ್ಮ ವಕೀಲರು ಎದ್ದು ಹೆಣ್ಣಿನ ದೇಹ, ಹೆಣ್ಣಿನ ಹಕ್ಕು ಎಂದರು. ಸರ್ಕಾರದ ವಕೀಲರು ಎದ್ದು, ಹುಟ್ಟಲಿರುವ ಜೀವದ ಪರ ಮಾತಾಡುವವರು ಯಾರು ಎಂದರು. ಚಹಾದಂಗಡಿಯೂ ಮಾಸ್ತರರ ಕಟ್ಟೆಯೂ ಕರಿ ಕೋಟು ಹಾಕಿಕೊಂಡು ಇಂಗ್ಲಿಷಿನಲ್ಲಿ ಜಗಳಕ್ಕೆ ನಿಂತಿದ್ದವು! ಅರ್ಥವಾದಷ್ಟನ್ನು ನಾನು ಕಾಕಾನ ಕಿವಿಯಲ್ಲಿ ಹೇಳುತ್ತಿದ್ದೆ. "ಸಾಕು, ಹೇಳಬ್ಯಾಡ" ಎಂದು ಅವರು ನನ್ನ ಕೈ ಹಿಡಿದುಕೊಂಡರು.

ನ್ಯಾಯಾಧೀಶರು ಕೆಟ್ಟವರಲ್ಲ. ಬಹಳ ಮರುಗಿಯೇ ಹೇಳಿದರು. ಕೂಸು ಆರೋಗ್ಯವಾಗಿದೆ, ಈಗ ತಡವಾಗಿದೆ, ಹೆರಲೇಬೇಕು, ಬೇಡವಾದರೆ ದತ್ತು ಕೊಡಬಹುದು. ಎಲ್ಲರೂ ನ್ಯಾಯವಾಗಿಯೇ ಮಾತಾಡಿದರು, ಕಾನೂನೂ ಮೊದಲಿಗೆ ಅವಳ ಪರವಾಗಿಯೇ ಇತ್ತು, ಆದರೂ ಅವಳಿಗೆ ಬೇಕಾದದ್ದು ಮಾತ್ರ ಸಿಗಲಿಲ್ಲ. ಇದಕ್ಕೆ ಯಾರನ್ನು ಬೈಯಬೇಕು? ನನಗೆ ಇವತ್ತಿಗೂ ಹೊಳೆದಿಲ್ಲ.

ಮರಳುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅಪ್ಪ ಮಗಳು, ಮುಂದೆ ನಾನು. ಸುಜಾತಾಳ ಕಾಲು ಬಾತಿದ್ದವು. ಕಾಕಾ ಅವನ್ನೆತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದರು.

"ಬಿಡಪಾ, ನೀ ಹಿರ್ಯಾಂವ. ಕಾಲು ಮುಟ್ಟಬ್ಯಾಡ."

"ಸುಮ್ನಿರು."

ಅವಳು ಕೇಳಿದಳು: "ಅಪ್ಪಾ, ಅದು ದೊಡ್ಡದಾಗಿ ಒಂದಿನಾ ನನ್ನ ಹುಡುಕ್ಕೊಂಡು ಬಂದ್ರ? ನಾ ನಿನಗ ಬ್ಯಾಡಾಗಿದ್ನೇನು ಅಂತ ಕೇಳಿದ್ರ ಏನ ಹೇಳ್ಲಿ?"



"ನನ್ನ ಕಡೆ ಕಳಸು," ಎಂದರು ಕಾಕಾ. "ನಿಮ್ಮವ್ವಂದೇನೂ ತಪ್ಪಿಲ್ಲ, ನಿಂದೂ ಇಲ್ಲ. ಅಕೀ ವ್ಯಾಳ್ಯಾಕ್ಕ ಸರಿಯಾಗಿ ಹೇಳಿದ್ಲು, ನಾನs ಆ ಕಡೆ ಕರಕೊಂಡು ಹೋಗಿ ದಾರಿ ತಪ್ಪಿಸಿದೆ ಅಂತ ಹೇಳ್ತೀನಿ. ಬೈಯೂದಿದ್ರ ಈ ಮುದುಕಗ ಬೈಯಲಿ."

ಸುಜಾತಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಕಾಕಾ ಅವಳ ಕಾಲು ಒತ್ತುತ್ತಲೇ ಇದ್ದರು.