ಬಾಗಬೇಕು, ಬಳುಕಬಾರದು

ಸರಕಾರಿ ಚಾಕರಿಯಲ್ಲಿ ಮೇಲಿನವರ ಕೋಪವನ್ನು ಹೇಗೋ ತಡೆದುಕೊಳ್ಳಬಹುದು, ಅವರ ಹವ್ಯಾಸವನ್ನು ತಡೆದುಕೊಳ್ಳುವುದು ಕಷ್ಟ. ಕೋಪಕ್ಕೆ ತಲೆ ತಗ್ಗಿಸಿ ನಿಂತರೆ ಐದು ನಿಮಿಷದಲ್ಲಿ ಇಳಿದುಹೋಗುತ್ತದೆ. ಹವ್ಯಾಸ ಹಾಗಲ್ಲ, ಅದಕ್ಕೆ ನಮ್ಮ ಕೈಕಾಲೂ ಬೇಕು. ನನ್ನ ವಿಷಯದಲ್ಲಿ ಹೊಟ್ಟೆ, ಪಕ್ಕೆ, ಮೇಲ್ದುಟಿ ಕೂಡ ಬೇಕಾದವು. ನಾನು ಹೊಸಪೇಟೆಯ ಕಾಲುವೆ ಕಚೇರಿಯಲ್ಲಿ ನಕ್ಷೆ ಬರೆಯುವ ಗುಮಾಸ್ತನಾಗಿದ್ದೆ. ನಮ್ಮ ಇಂಜಿನಿಯರ್ ದೊರೆ ಬಿಳಿಯರು, ಆರಡಿ ಎತ್ತರದ ಆಳು, ಮನಸ್ಸು ಒಳ್ಳೆಯದು. ಪರೀಕ್ಷೆಗೆಂದು ಮುನಶಿಯಿಂದ ಕನ್ನಡ ಕಲಿತಿದ್ದರಿಂದ ಅವರು ಮಾತಾಡಿದರೆ ಶಾಸನ ಓದಿದಂತಿರುತ್ತಿತ್ತು. ಅವರಿಗಿದ್ದದ್ದು ಒಂದೇ ಚಟ. ತಮ್ಮ ದೇಶದ ಕಡಲತೀರದಲ್ಲಿ ಒಂದು ಹಲಗೆಯ ಮೇಲೆ ಬೋರಲು ಮಲಗಿ, ಅಲೆಯ ಜೊತೆ ದಡದ ತನಕ ಜಾರಿಬರುವುದು. ದೊಡ್ಡವರು, ಮೀಸೆ ಬಂದವರು, ಹೀಗೆ ಮಾಡುತ್ತಾರಂತೆ! ಕೇಳಿದ ದಿನ ನಾನು ನಂಬಲಿಲ್ಲ.

ಆ ವರ್ಷ ಅವರು ಕ್ರಿಸ್‌ಮಸ್ ರಜೆಗೆ ಮದರಾಸಿನ ಕಡಲಿಗೆ ಹೋಗುವವರಿದ್ದರು. ತಂದಿದ್ದ ಹಲಗೆ ಹಡಗಿನಲ್ಲೇ ಮುರಿದಿತ್ತು. ಇತ್ತ ನನ್ನ ತಂಗಿ ಪಾರ್ವತಿಯ ಮದುವೆ ಸಂಡೂರಿನಲ್ಲಿ ಗೊತ್ತಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಧಾರೆ ಎರೆಯಬೇಕಾದವನು ನಾನೇ. ರಜೆಯ ಅರ್ಜಿ ಹಿಡಿದು ಒಳಗೆ ಹೋದೆ. ದೊರೆ ಅರ್ಜಿಯನ್ನು ಮೇಜಿನ ಮೇಲಿಟ್ಟು, ಅದರ ಮೇಲೊಂದು ಚಿತ್ರವಿಟ್ಟರು. "ಗುಮಾಸ್ತರೇ, ಇಂಥ ಹಲಗೆಯೊಂದು ಸಿದ್ಧವಾಗಲಿ. ಅನಂತರ ನೀವು ಹೊರಡತಕ್ಕದ್ದು. ನೆನಪಿರಲಿ, ಅದು ಬಾಗಬೇಕು, ಬಳುಕಬಾರದು." ಎರಡಕ್ಕೂ ವ್ಯತ್ಯಾಸವೇನೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಮದುವೆಗೆ ಇನ್ನು ಎಂಟು ದಿನವಿತ್ತು.

ಕಂಪ್ಲಿಯ ಮೌನೇಶಾಚಾರಿ ಆ ಸೀಮೆಗೆಲ್ಲ ಹೆಸರಾದ ಬಡಗಿ. ಮೌನ ಅವನ ಹೆಸರಿನಲ್ಲಿ ಮಾತ್ರ. ಚಿತ್ರವನ್ನು ಉಲ್ಟಾ ಹಿಡಿದು ನೋಡಿ ಕೇಳಿದ, "ಇದು ಬಾಗಬೇಕೇನ್ರಿ? ನಮ್ಮಪ್ಪ ಮಾಡಿದ ಬಾಗಿಲಾ ಇವತ್ತಿಗೂ ಒಂದು ಕೂದಲೆಳಿ ಬಾಗಿಲ್ಲ. ಬಾಗೋ ಹಲಗಿ ಮಾಡಿಕೊಟ್ರ ನಾಳೆ ನನ್ನ ಕಡೆ ಯಾರು ಬಾಗಿಲಾ ಮಾಡಿಸ್ತಾರ್ರೀ?" ಮೂರು ದಿನ ಕಳೆದು ಅವನು ಕೊಟ್ಟದ್ದು ಬಾಗಿಲೇ. ಎರಡು ಬೆರಳು ದಪ್ಪದ ತೇಗ, ಚಿಲಕವೊಂದಿರಲಿಲ್ಲ ಅಷ್ಟೇ.

ಪರೀಕ್ಷೆಗೆ ಬುಕ್ಕಸಾಗರದ ಹತ್ತಿರ ಹೊಳೆಗೆ ಹೋದೆವು. ಅಲ್ಲಿ ಹಳೆಯ ಒಡ್ಡಿನ ಮೇಲಿಂದ ಧುಮುಕಿದ ನೀರು ಕೆಳಗೆ ಬಂಡೆಗೆ ಬಡಿದು, ನಿಂತಲ್ಲೇ ಅಲೆಯಾಗಿ ಏಳುತ್ತದೆ. ದೊರೆ ಬೂಟು ಬಿಚ್ಚುತ್ತಾರೆಂದು ನಾನು ಕಾಯುತ್ತಿದ್ದರೆ ಅವರು ಪುಸ್ತಕ, ಪೆನ್ಸಿಲು ತೆಗೆದರು. "ಮೇಲೆ ಮಲಗಿದವನಿಗೆ ಹಲಗೆ ಎಷ್ಟು ಬಾಗಿತೆಂದು ಕಾಣುವುದಿಲ್ಲ. ನಾನು ದಡದಿಂದ ನೋಡುತ್ತೇನೆ. ನೀವು ಮಲಗಿರಿ." ಅಂಬಿಗರು ನನ್ನ ಸೊಂಟಕ್ಕೆ ಹಗ್ಗ ಬಿಗಿದು ನೀರಿಗೆ ಇಳಿಸಿದರು. ಕಾಲೇಜು ಮೆಟ್ಟಿಲು ಹತ್ತಿದ ಮನುಷ್ಯ ನಾನು, ಕಚ್ಚೆ ಬಿಗಿದು, ಎಮ್ಮೆಗಳ ಎದುರಿಗೆ ಬೋರಲು ಮಲಗಿದೆ. ಅಲೆ ನೂಕಿತು. ಹಲಗೆ ಅದಕ್ಕೆ ಜಪ್ಪಯ್ಯ ಎನ್ನಲಿಲ್ಲ. ಅಲೆಯ ಮೈ ಬಾಗಿದಲ್ಲಿ ಇದೂ ಬಾಗಿದ್ದರೆ ಜಾರುತ್ತಿತ್ತೋ ಏನೋ, ಬಾಗದೆ ನೆಟ್ಟಗೆ ಮೂತಿಯನ್ನು ನೀರಿಗೆ ನೆಟ್ಟು, ಹಿಂಬದಿ ಎತ್ತಿ, ನನ್ನನ್ನು ಒಗೆದು, ಮೇಲ್ದುಟಿಗೆ ಬಡಿಯಿತು. "ಈ ಹಲಗೆಗೆ ಪ್ರಾಣವಿಲ್ಲ" ಎಂದು ದೊರೆ ಬರೆದುಕೊಂಡರು. ನನ್ನ ಪ್ರಾಣದ ವಿಷಯ ಆ ಪುಸ್ತಕದಲ್ಲಿ ಇರಲಿಲ್ಲ.

ಸಿಟ್ಟಿಗೆದ್ದ ಮೌನೇಶಾಚಾರಿ ಎರಡನೆಯ ಹಲಗೆಯನ್ನು ಪಂಚಾಂಗದ ರಟ್ಟಿನಷ್ಟು ತೆಳ್ಳಗೆ ಹೆರೆದು, ಉಳಿ, ಬಾಚಿ ಸಮೇತ ತಾನೇ ಹೊಳೆಗೆ ತಂದುಕೊಟ್ಟ. "ಬಾಗಬೇಕಲ್ಲ, ತಗೋರಿ, ಎಷ್ಟು ಬೇಕಷ್ಟು ಬಾಗ್ತದ." ಅದು ನನ್ನ ಹೊಟ್ಟೆಯ ಕೆಳಗೆ ನೆನೆದ ಹಪ್ಪಳದಂತೆ ಕುಸಿಯಿತು. ಮೂತಿ ಮೇಲೆ, ಬಾಲ ಮೇಲೆ, ನಡುವೆ ನಾನು. ಅಲೆ ಕೊಟ್ಟ ಬಲವನ್ನೆಲ್ಲ ಬಳುಕಿ ಬಳುಕಿ ತಾನೇ ನುಂಗಿ, ಮುಂದಕ್ಕೆ ಒಂದು ಗೇಣೂ ಹೋಗಲಿಲ್ಲ. ನಾನು ಕುಡಿದ ಹೊಳೆಯ ನೀರಿಗೆ ಲೆಕ್ಕವಿಲ್ಲ. ಮದುವೆಗೆ ಉಳಿದದ್ದು ಎರಡೇ ದಿನ.

ದಡದಲ್ಲಿ ಹುಲಿಗೆಮ್ಮ ಎಂಬ ಮುದುಕಿ ಬಿದಿರ ದಬ್ಬೆಯಿಂದ ಹರಿಗೋಲು ಹೆಣೆಯುತ್ತ ಎರಡು ಸಲವೂ ನನ್ನ ಪಾಡು ನೋಡಿ ನಕ್ಕಿದ್ದಳು. ಈಗ ನಗು ತಡೆದು ಹೇಳಿದಳು, "ಯಪ್ಪಾ, ಹಲಗಿ ಎಲ್ಲಾ ಕಡೆ ಒಂದಾ ಸಮ ಇದ್ರ ಹೆಂಗ? ಹರಿಗೋಲಿನ ತಳಕ್ಕ ಬಲಿತ ದಬ್ಬಿ ಹಾಕ್ತೀವಿ, ಅಂಚಿಗೆ ಎಳೀ ದಬ್ಬಿ. ಮೀನ ನೋಡು, ನಡು ಗಟ್ಟಿ, ಬಾಲ ಸಡ್ಲ. ಬಾಲ ಬಾಗಿ ತಿರುಗಿ ಚಿಮ್ಮಿದ್ರಾ ಅದು ಮುಂದ ಹೋಗಾದು."

ದೊರೆ ಪೆನ್ಸಿಲು ಕೆಳಗಿಟ್ಟು ಆ ಮುದುಕಿಯನ್ನು ದಿಟ್ಟಿಸಿದರು. ಮೌನೇಶಾಚಾರಿ ಮಾತ್ರ ಉರಿದುಬಿದ್ದ. "ಬುಟ್ಟಿ ಹೆಣಿಯಾಕಿ ನನಗ ಹಲಗಿ ಪಾಠ ಹೇಳ್ತಾಳ? ನನ್ನ ಕೈಲೆ ಆಗಂಗಿಲ್ರಿ!" ಎಂದು ಉಳಿ, ಬಾಚಿ ಗಂಟು ಕಟ್ಟತೊಡಗಿದ. ನನಗೆ ಅಳು ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಒದ್ದೆ ಪಂಚೆಯಲ್ಲಿ ನಿಂತು ಕೂಗಿದೆ: "ಆಚಾರ್ರೇ, ನಾಡಿದ್ದು ನನ್ನ ತಂಗಿ ಮದುವಿ ಐತ್ರಿ! ಅಪ್ಪ ಇಲ್ಲದ ಹುಡುಗಿ. ಹಲಗಿ ಆಗಲಿಲ್ಲಂದ್ರ ಧಾರಿ ಎರಿಯಾಕ ನಾನಿರಂಗಿಲ್ಲ."

ಅವನ ಕೈ ನಿಂತಿತು. "ತಂಗಿ ಮದುವಿ ಅಂತ ಮೊದಲಾ ಬಾಯಿ ಬಿಡಬಾರದೇನ್ರಿ? ನಾನು ದೊರಿ ಆಟ ಅಂದ್ಕೊಂಡಿದ್ದೆ." ಗಂಟು ಬಿಚ್ಚಿದ. "ಏಯ್ ಹುಲಿಗೆವ್ವಾ, ಬಾ ಇಲ್ಲೆ. ಬಾಲ ಎಷ್ಟು ಸಡ್ಲ ಇರಬೇಕು, ಬಗ್ಗಿಸಿ ತೋರಸು."

ಆ ಮಧ್ಯಾಹ್ನದಿಂದ ಮರುದಿನ ಮಧ್ಯಾಹ್ನದವರೆಗೆ ಇಬ್ಬರೂ ಬೈದಾಡುತ್ತಲೇ ಕೆಲಸ ಮಾಡಿದರು. ಹೊಟ್ಟೆ ಬರುವಲ್ಲಿ ಹೆಬ್ಬೆರಳು ದಪ್ಪ, ಬಾಲದ ಕಡೆಗೆ ಹೋಗುತ್ತ ಹೋಗುತ್ತ ತೆಳುವು. ಮೂತಿಯನ್ನು ಕುದಿಯುವ ಕೊಪ್ಪರಿಗೆಯ ಹಬೆಗೆ ಹಿಡಿದು ಮೇಲಕ್ಕೆ ಬಾಗಿಸಿದರು. ಅವನು ಒಂದು ಪದರ ಹೆರೆಯುವುದು, ಅವಳು ಎರಡು ಕಲ್ಲಿನ ಮೇಲೆ ಹಲಗೆ ಇಟ್ಟು ನನ್ನನ್ನು ಮಲಗಿಸಿ ಬಗ್ಗಿ ನೋಡುವುದು, "ಇನ್ನಾ ಒಂಚೂರು" ಎನ್ನುವುದು. ಇಪ್ಪತ್ತು ಸಲವಾದರೂ ಮಲಗಿರಬೇಕು.

ಮೂರನೆಯ ಸಲ ನೀರಿಗಿಳಿದಾಗ ಕಣ್ಣು ಮುಚ್ಚಿಕೊಂಡಿದ್ದೆ. ಪೆಟ್ಟು ಬೀಳಲಿಲ್ಲ. ಹೊಟ್ಟೆಯ ಕೆಳಗೆ ಹಲಗೆ ಉಸಿರಾಡಿದಂತಾಯಿತು. ಬಾಲ ನೀರಿಗೆ ಮಣಿದು, ಮತ್ತೆ ಚಿಮ್ಮಿ ನನ್ನನ್ನು ಮುಂದಕ್ಕೆ ಕಳಿಸಿತು. ಎಡಕ್ಕೆ ವಾಲಿದರೆ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ಯಾರೋ ಹೋ ಎಂದು ಕೂಗುತ್ತಿದ್ದರು. ಆ ಯಾರೋ ನಾನೇ ಎಂದು ಆಮೇಲೆ ತಿಳಿಯಿತು.

ದೊರೆಗೆ ತಡೆಯಲಾಗಲಿಲ್ಲ. ಅಂಗಿ ಕಿತ್ತೆಸೆದು ತಾವೇ ಇಳಿದು ಮಲಗಿದರು. ಅದೇ ಹಲಗೆ, ಅದೇ ಅಲೆ. ಆದರೆ ನನ್ನಂಥ ಇಬ್ಬರಾದರೆ ದೊರೆಯೊಬ್ಬರು. ಹಲಗೆ ಬಿಲ್ಲಿನಂತೆ ಬಗ್ಗಿ ಅವರನ್ನು ಹೊತ್ತು ನೇರ ತಳಕ್ಕೆ ಹೋಯಿತು. ಅಂಬಿಗರು ಎಳೆದುಹಾಕಿದ ಮೇಲೆ, ಗಡ್ಡದಿಂದ ನೀರು ಸುರಿಯುತ್ತ, ಹಲಗೆಯನ್ನು ಬಗ್ಗಿಸಿ ನೋಡಿ ಹೇಳಿದರು: "ದೋಷ ಹಲಗೆಯದಲ್ಲ. ಇದು ನಿಮ್ಮ ದೇಹಕ್ಕೆ ಹೆರೆದ ಹಲಗೆ. ನನ್ನ ಹಲಗೆಗೆ ನಾನೇ ಮಲಗಬೇಕಿತ್ತು. ನೀವು ಹೊರಡತಕ್ಕದ್ದು."

ಹೊರಟೆ. ಸಂಡೂರು ಮುಟ್ಟಿದಾಗ ಊದಿದ ತುಟಿ ನೋಡಿ ಬೀಗರು ಗಾಬರಿಯಾದರು. ಸೋದರಮಾವ ಮೆಲ್ಲಗೆ ಕೇಳಿದ, "ಯಾರ ಜೋಡಿ ಜಗಳಾ ಮಾಡಿದ್ಯಲೇ?" ಅಲೆ ಬಡಿಯಿತು ಎಂದೆ. ಸುತ್ತ ಗುಡ್ಡವೇ ಇರುವ ಊರಿನಲ್ಲಿ ಆ ಮಾತನ್ನು ನಂಬುವವರು ಯಾರು? ಆದರೂ ಮರುದಿನ ಪಾರ್ವತಿಯ ಕೈಯ ಮೇಲೆ ನಾನೇ ನೀರು ಬಿಟ್ಟೆ. ಅವಳು ಅಳಲಿಲ್ಲ, ನನ್ನ ತುಟಿ ನೋಡಿ ನಕ್ಕಳು.

ದೊರೆ ತಾವೇ ಕಲ್ಲಿನ ಮೇಲೆ ಮಲಗಿ ಮೌನೇಶಾಚಾರಿಯಿಂದ ಬೇರೆ ಹಲಗೆ ಮಾಡಿಸಿಕೊಂಡು ಮದರಾಸಿಗೆ ಹೋದರು. ನನ್ನದು ನನ್ನಲ್ಲೇ ಉಳಿಯಿತು. ಇಂಥ ನಿರುಪಯೋಗಿ ವಸ್ತು ಇನ್ನೊಂದಿಲ್ಲ ಎಂದು ಕಚೇರಿಯಲ್ಲಿ ಕಂಡಕಂಡವರ ಎದುರು ಗೊಣಗುತ್ತೇನೆ. ಹೊಳೆಯಲ್ಲಿ ನೀರಿದ್ದಷ್ಟು ಕಾಲ ಪ್ರತಿ ಭಾನುವಾರ ಒಡ್ಡು ತಪಾಸಣೆ ಎಂದು ಬುಕ್ಕಸಾಗರಕ್ಕೂ ಹೋಗುತ್ತೇನೆ. ಮೊನ್ನೆ ಹಬ್ಬದ ದಿನ ಹೆಂಡತಿ ಎರಡನೆಯ ಹೋಳಿಗೆ ಬಡಿಸಲು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಬ್ಯಾಡ, ಸಾಕು" ಎಂದೆ. ಹದಿನೈದು ವರ್ಷದ ಸಂಸಾರದಲ್ಲಿ ಈ ಮಾತು ಕೇಳಿರದ ಅವಳು ಹೋಳಿಗೆ ಅಲ್ಲೇ ಇಟ್ಟು, ಜ್ವರ ಬಂದಿದೆಯೇನೋ ಎಂದು ನನ್ನ ಹಣೆ ಮುಟ್ಟಿ ನೋಡಿದಳು. ಇನ್ನೆರಡು ಸೇರು ಮೈಗೆ ಬಂದರೆ ಹಲಗೆಯ ಬಾಲ ಬಳುಕುತ್ತದೆ ಎಂದು ಅವಳಿಗೆ ಯಾವ ಬಾಯಿಂದ ಹೇಳಲಿ?