ಇನ್ನೆರಡು ಅಡಿ ಆಚೆಗೆ

ಬೆಳಗ್ಗೆ ಏಳು ಗಂಟೆಗೆ ಟೇಪಣ್ಣನ ಭಾವಮೈದುನ ಒಂದೇ ಗೋಣಿಚೀಲದಲ್ಲಿ ಎರಡು ಬಗೆಯ ಗಿಡ ತಂದು ಮೆಟ್ಟಿಲ ಮೇಲೆ ಇಳಿಸಿದ್ದೇ ಎಲ್ಲದಕ್ಕೂ ಮೂಲ. ಅವನು ಪಾರ್ಕಿನ ಮಾಲಿ. ಅಕ್ಕ ಕೇಳಿದ್ದಳೆಂದು ಕಾಬಾಳೆ ಹೂವಿನ ಮೊಳಕೆಯೊಡೆದ ಗೆಡ್ಡೆಗಳನ್ನು ತಂದಿದ್ದ. ಭಾವ ಕೇಳಿದ್ದರೆಂದು ಎದೆಯೆತ್ತರದ ಒಂದು ಕಾಡುಬಾದಾಮಿ ಸಸಿಯನ್ನೂ ತಂದಿದ್ದ. ಮನೆಯ ಮುಂದೆ ಇದ್ದದ್ದು ಮಾತ್ರ ಒಂದೇ ಪಟ್ಟಿ ಜಾಗ. ಹದಿನಾರು ಅಡಿ ಉದ್ದ, ನಾಲ್ಕು ಅಡಿ ಅಗಲ.

"ಬೇರಿಗೆ ಗಾಳಿ ತಾಗಿದೆ, ಭಾವ. ಹೊತ್ತು ಮುಳುಗೋದರೊಳಗೆ ಮಣ್ಣಿಗೆ ಸೇರಬೇಕು. ಮರದ ಕೆಳಗೆ ಕಾಬಾಳೆ ಹೂ ಬಿಡೋದಿಲ್ಲ, ಅದಕ್ಕೆ ಬಿಸಿಲು ಬೇಕು. ಯಾವುದಾದರೂ ಒಂದನ್ನ ಇಟ್ಟುಕೊಳ್ಳಿ, ಉಳಿದದ್ದನ್ನ ಸಂಜೆ ಬಂದು ತಗೊಂಡು ಹೋಗ್ತೀನಿ," ಎಂದವನು, ಕಾಬಾಳೆ ನೆಡುವ ಬಗೆಯನ್ನು ಅಕ್ಕನಿಗೆ ಹೇಳಿ, ಒಲೆಗೆ ಬೆಂಕಿ ಹಚ್ಚಿ ಎದ್ದುಹೋದವನ ಹಾಗೆ ಸೈಕಲ್ ಹತ್ತಿ ಹೊರಟೇಹೋದ.

ಭಾವನನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಟೇಪಣ್ಣ ಎಂದು. ನಲವತ್ತು ವರ್ಷ ಬಟ್ಟೆ ಹೊಲಿದ ಜೀವ. ಅಂಗಡಿ ಮುಚ್ಚಿ ಮೂರು ವರ್ಷವಾಗಿದ್ದರೂ ಅಳತೆಯ ಟೇಪು ಕೊರಳಿನಿಂದ ಇಳಿದಿರಲಿಲ್ಲ. ಅಂಗಡಿಯಲ್ಲಿ ಕಲಿತ ಎರಡು ಅಭ್ಯಾಸಗಳೂ ಬಿಟ್ಟಿರಲಿಲ್ಲ. ಮೊದಲನೆಯದು, ಗುರುತು ಹಾಕದೆ ಕತ್ತರಿ ಹಾಕುವಂತಿಲ್ಲ. ಎರಡನೆಯದು, ಗಿರಾಕಿ ಬಂದು "ಇಲ್ಲಿ ಸ್ವಲ್ಪ ಸರಿಯಿಲ್ಲ" ಎಂದರೆ ಬಾಯಿಂದ ತಾನಾಗಿಯೇ "ಆಗಲಿ, ಸರಿಮಾಡಿಕೊಡ್ತೀನಿ" ಎಂದು ಬಂದುಬಿಡುತ್ತಿತ್ತು. ವರ್ಷವಿಡೀ ತಿಂದು ಊದಿಕೊಂಡವನು ಬಂದು ಕೋಟೇ ಕುಗ್ಗಿತೆಂದು ಜಗಳ ತೆಗೆದಾಗಲೂ ಟೇಪಣ್ಣ ಹೇಳಿದ್ದು ಅದನ್ನೇ.

"ನೋಡ್ರೀ," ಎಂದಳು ಹೆಂಡತಿ ಸೊಂಟಕ್ಕೆ ಕೈಯಿಟ್ಟು, "ಕಾಬಾಳೆ ಮೂರೇ ತಿಂಗಳಿಗೆ ಹೂ ಬಿಡುತ್ತೆ. ಒಂದು ಸಲ ನೆಟ್ಟರೆ ಮುಗೀತು, ಒಣಗಿದರೂ ಗೆಡ್ಡೆಯಿಂದ ಮತ್ತೆ ಚಿಗುರುತ್ತೆ. ನಿಮ್ಮ ಮರ ನೆರಳು ಕೊಡೋಕೆ ಹತ್ತು ವರ್ಷ ಬೇಕು. ನಿಮಗೀಗ ಅರವತ್ತೆಂಟು."

"ನಿನ್ನ ಕಾಬಾಳೆ ಬೆಳೆದರೆ ನನ್ನ ಭುಜಕ್ಕೆ ಬರುತ್ತೆ. ಅದರ ಕೆಳಗೆ ಯಾರು ಕೂತ್ಕೋಬೇಕು, ಕೋಳಿಮರಿಯಾ?"

"ನಲವತ್ತು ವರ್ಷ ಮಿಷನ್ ಮುಂದೆ ಕೂತದ್ದು ಸಾಲದೆ? ಇನ್ನೂ ಕೂರೋಕೆ ಜಾಗ ಹುಡುಕ್ತೀರಾ?"

ಟೇಪಣ್ಣನ ಮನಸ್ಸಿನಲ್ಲಿದ್ದದ್ದೇ ಬೇರೆ. ಅವನು ಹೊಲಿದ ಸಾವಿರಾರು ಅಂಗಿಗಳಲ್ಲಿ ಇಂದು ಒಂದೂ ಉಳಿದಿರಲಿಲ್ಲ. ಕೆಲವು ಹರಿದವು, ಕೆಲವು ಚಿಕ್ಕವಾದವು, ಕೆಲವು ತೊಟ್ಟವರ ಜೊತೆಗೇ ಹೋದವು. ದೇವರು ಕರೆಯುವ ಮೊದಲು, ತನ್ನ ಕೈಯಿಂದ ಆದದ್ದು ಎಂದು ತೋರಿಸಲು ಒಂದೇ ಒಂದು ವಸ್ತು ನಿಂತಿರಬೇಕು, ಅದು ಬೆಳೆಯುತ್ತಲೇ ಇರಬೇಕು, ಅದರ ಹೊಲಿಗೆ ಬಿಚ್ಚಬಾರದು ಎಂಬುದೇ ಅವನ ಆಸೆ.

"ಸರಿ," ಎಂದಳು ಹೆಂಡತಿ. "ಹೊತ್ತು ಮುಳುಗೋದರೊಳಗೆ ನಿಮ್ಮ ಮರ ನೆಲದಲ್ಲಿ ನಿಂತರೆ ನಾನು ತುಟಿ ಬಿಚ್ಚೋದಿಲ್ಲ. ನಿಲ್ಲದಿದ್ದರೆ ಪಟ್ಟಿ ಪೂರ್ತಿ ನನ್ನದು."

"ಹೊತ್ತು ಮುಳುಗೋವರೆಗೆ ಯಾಕೆ? ಹನ್ನೆರಡು ಗಂಟೆಗೆ ಕೈ ತೊಳೀತೀನಿ."

ಅವಳು ನಕ್ಕು, ಸೆರಗಿನ ಮರೆಯಲ್ಲಿ ಒಂದು ಕೈಚೀಲ ಹಿಡಿದು, "ಅಕ್ಕಪಕ್ಕದವರನ್ನ ಮಾತಾಡಿಸಿ ಬರ್ತೀನಿ" ಎಂದು ಹೋದಳು. ಅರ್ಧ ಗಂಟೆಯಲ್ಲಿ ಬರಿಯ ಚೀಲ ಬೀಸಿಕೊಂಡು ಬಂದಳು. ಟೇಪಣ್ಣ ಅದನ್ನು ಕಂಡರೂ ಗಮನಿಸಲಿಲ್ಲ. ಅವನಾಗಲೇ ಕೆಲಸಕ್ಕೆ ಇಳಿದಿದ್ದ.

ಕೆಲಸವೆಂದರೆ ಅಗೆಯುವುದಲ್ಲ, ಅಳೆಯುವುದು. ಹೋದ ವಾರವೇ ಪಾರ್ಕಿಗೆ ಹೋಗಿ, ಬೆಳೆದ ಕಾಡುಬಾದಾಮಿಯೊಂದರ ನೆರಳನ್ನು ಮೂರು ಹೊತ್ತು ಅಳೆದು, ಎದೆ, ಭುಜ, ತೋಳು ಎಂದು ಪುಸ್ತಕದಲ್ಲಿ ಬರೆದುಕೊಂಡಿದ್ದ. ಈಗ ಹತ್ತು ವರ್ಷದ ನಂತರ ಬೀಳಲಿರುವ ಆ ನೆರಳಿಗೆ ಗುರುತು ಹಾಕತೊಡಗಿದ. ಅಂಗಳದ ಮಣ್ಣಿನ ಮೇಲೆ ಸುಣ್ಣದ ಪುಡಿ, ಬೀದಿಯ ಕಲ್ಲಿನ ಮೇಲೆ ಸೀಮೆಸುಣ್ಣ, ಎಡಮನೆಯ ಗೋಡೆ, ಬಲಮನೆಯ ಮೆಟ್ಟಿಲು, ಎದುರುಮನೆಯ ಕಿಟಕಿ, ಒಂದನ್ನೂ ಬಿಡಲಿಲ್ಲ. ಗುರುತು ಮುಗಿದಾಗ ಇಡೀ ಬೀದಿ ಕತ್ತರಿಗೆ ಸಿದ್ಧವಾದ ಬಟ್ಟೆಯಂತೆ ಕಾಣುತ್ತಿತ್ತು. ಟೇಪಣ್ಣ ಎದೆಯುಬ್ಬಿಸಿ ನೋಡಿದ. ಇಲ್ಲದ ಮರದ ನೆರಳನ್ನು ಇಷ್ಟು ಚೆನ್ನಾಗಿ ಯಾರು ಹೊಲಿದಾರು!

ಪಟ್ಟಿಯ ಎಡತುದಿಯಿಂದ ಎರಡು ಅಡಿಗೆ ಗುದ್ದಲಿ ಹಾಕಿದ. ಗುಂಡಿ ಒಂದು ಗೇಣು ಆಳವಾಗುತ್ತಲೇ ಹೆಂಡತಿ ಜಗುಲಿಗೆ ಬಂದು ಟವಲು ಒದರಿದಳು. ಅದರ ಹಿಂದೆಯೇ ಎಡಮನೆಯ ಇಸ್ತ್ರಿ ಅಕ್ಕ ಒದ್ದೆ ಕೈಯಲ್ಲೇ ಓಡಿಬಂದಳು.

"ಅಯ್ಯೋ ಟೇಪಣ್ಣಾ, ಹೊಟ್ಟೆ ಮೇಲೆ ಹೊಡೀತೀಯಲ್ಲ! ನಿನ್ನ ನೆರಳು ನನ್ನ ಬಟ್ಟೆ ಹಗ್ಗದ ಮೇಲೇ ಬಿದ್ದಿದೆ. ಇನ್ನು ನನ್ನ ಬಟ್ಟೆ ಒಣಗೋದು ಯಾವಾಗ?"

"ಇನ್ನೂ ಹತ್ತು ವರ್ಷ ಇದೆಯಲ್ಲಮ್ಮಾ."

"ಹತ್ತು ವರ್ಷ ಬಿಟ್ಟು ನಾನೇನು ಒದ್ದೆ ಬಟ್ಟೆ ಇಸ್ತ್ರಿ ಮಾಡ್ಲಾ? ಒಂದೆರಡು ಅಡಿ ಆಚೆ ತೋಡಣ್ಣ. ಎರಡೇ ಅಡಿ."

"ಆಗಲಿ, ಸರಿಮಾಡಿಕೊಡ್ತೀನಿ," ಎಂದಿತು ಬಾಯಿ.

ಸುಣ್ಣ ಅಳಿಸಿ ಮತ್ತೆ ಹಾಕಿದ. ಎರಡನೆಯ ಗುಂಡಿ ಗೇಣು ಆಳವಾಯಿತು. ಹೆಂಡತಿ ಟವಲು ಒದರಿದಳು. ಬಲಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಪತ್ರಿಕೆ ಮಡಚಿಕೊಂಡು ಬಂದರು.

"ಟೇಪಣ್ಣನೋರೆ, ತಮ್ಮ ಗುರುತಿನ ಪ್ರಕಾರ ನಮ್ಮ ಮೆಟ್ಟಿಲಿಗೆ ನೆರಳು ಹತ್ತೂವರೆಗೇ ಹೊರಟುಹೋಗುತ್ತೆ. ನನ್ನ ಪದಬಂಧ ಮುಗಿಯೋದು ಹನ್ನೊಂದಕ್ಕೆ. ಕಡೆಯ ಆರು ಪದ ನಾನು ಬಿಸಿಲಲ್ಲಿ ಬಿಡಿಸಬೇಕೆ?"

"ಏನು ಮಾಡ್ಲಿ ಸಾರ್?"

"ನಮ್ಮ ಕಡೆಗೆ ಎರಡು ಅಡಿ ಸರಿಸಿ. ಹೆಚ್ಚು ಬೇಡ, ಕಡಿಮೆಯೂ ಬೇಡ."

ಮೂರನೆಯ ಗುಂಡಿಯ ಹೊತ್ತಿಗೆ ಎದುರುಮನೆಯ ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನೂ ತೆಗೆಯದೆ ಬಂದ. "ಜೀವಮಾನವೆಲ್ಲ ಅಂಗಿಗೆ ಗುಂಡಿ ಹೊಲಿದಿರಿ, ಈಗ ಅಂಗಳಕ್ಕೆ ಶುರುಮಾಡಿದಿರಾ? ನನ್ನ ಕಿಟಕಿಗೆ ಬೆಳಕೇ ಇಲ್ಲ ಅಂದ್ರೆ ಮುಳ್ಳು ಎಲ್ಲಿ, ಸ್ಪ್ರಿಂಗು ಎಲ್ಲಿ ಅಂತ ಹುಡುಕ್ಲಿ? ಎರಡು ಅಡಿ ಆಚೆ ಹೋಗಿ ಮಾರಾಯ್ರೆ."

ಟೇಪಣ್ಣನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಹೆಮ್ಮೆ. ಹಿಂದೆಲ್ಲ ಈ ಜನ ಬಟ್ಟೆ ಹೊಲಿಸಲು ಬಂದರೆ "ಸ್ವಲ್ಪ ಸಡಿಲ", "ಒಂಚೂರು ಗಿಡ್ಡ" ಎನ್ನುತ್ತಿದ್ದರೇ ಹೊರತು ಒಬ್ಬನ ಬಾಯಲ್ಲೂ ಲೆಕ್ಕದ ಅಳತೆ ಬಂದಿರಲಿಲ್ಲ. ಇವತ್ತು ನೋಡಿದರೆ ಎಲ್ಲರೂ ಖಚಿತವಾಗಿ ಎರಡು ಅಡಿ ಎನ್ನುತ್ತಿದ್ದಾರೆ!

"ಕೇಳಿದೆಯೇನೆ?" ಎಂದ ಹೆಂಡತಿಗೆ. "ನನ್ನ ಸಹವಾಸದಿಂದ ಇಡೀ ಬೀದಿಗೇ ಅಳತೆ ಬಂತು."

"ಬಂತು ಬಂತು," ಎಂದಳು ಅವಳು ಚಹಾ ಕೊಡುತ್ತ. "ಗುಂಡಿಯ ಅಂಚು ಕುಸೀದ ಹಾಗೆ ನೋಡಿಕೊಳ್ಳಿ. ಪಾಪ, ಎಷ್ಟು ಚೆನ್ನಾಗಿ ತೋಡ್ತೀರಿ."

ಹನ್ನೆರಡು ಗಂಟೆ ಹೋಯಿತು, ಎರಡೂ ಹೋಯಿತು. ಇಸ್ತ್ರಿ ಅಕ್ಕನಿಗೆ ಈಗ ಹಗ್ಗ ತಪ್ಪಿದರೂ ಕಲ್ಲಿನ ಮೇಲೆ ಹರವಿದ ಕಾಲುಚೀಲಗಳಿಗೆ ನೆರಳಾಗುತ್ತಿತ್ತು, ಎರಡು ಅಡಿ. ಪೋಸ್ಟ್‌ಮಾಸ್ಟರಿಗೆ ಪತ್ರಿಕೆಯ ಕಡೆಯ ಪುಟ ಬಾಕಿಯಿತ್ತು, ಎರಡು ಅಡಿ. ಪ್ರತಿ ಗುಂಡಿಯೂ ಗೇಣಿನ ಆಳಕ್ಕೆ ನಿಲ್ಲುತ್ತಿತ್ತು, ಜಗುಲಿಯಲ್ಲಿ ಹೆಂಡತಿ ಟವಲು ಒದರುತ್ತಿದ್ದಳು, ಟೇಪಣ್ಣನ ಬಾಯಿ "ಆಗಲಿ" ಎನ್ನುತ್ತಿತ್ತು. ಸಸಿ ಮೂಲೆಯಲ್ಲಿ ನಿಂತು, ಟ್ರಯಲ್ ನೋಡಲು ಬಂದು ಮರೆತುಹೋದ ಗಿರಾಕಿಯಂತೆ ಎಲೆ ಬಾಡಿಸಿಕೊಂಡಿತ್ತು.

ಆರು ಗಂಟೆಗೆ ಆರನೆಯ ಗುಂಡಿಯೂ ಗಡಿಯಾರದವನ ಕಿಟಕಿಗೆ ಅಡ್ಡವಾದಾಗ ಟೇಪಣ್ಣನಿಗೆ ಹಟ ಬಂತು. "ಇದೇ ಕೊನೆ! ಇನ್ನು ಯಾರ ಮಾತೂ ಕೇಳೋದಿಲ್ಲ!" ಎಂದು ಇನ್ನೆರಡು ಅಡಿ ಆಚೆಗೆ ಹಾರಿ, ಯಾರೂ ಬಾಯಿ ತೆರೆಯುವ ಮೊದಲೇ ಆಳ ಮಾಡಿಬಿಡಬೇಕೆಂದು ಗುದ್ದಲಿಯನ್ನು ತಲೆಯ ಮೇಲಕ್ಕೆತ್ತಿ ಹೊಡೆದ.

ಠಣ್ ಎಂದಿತು. ಮರುಕ್ಷಣ ನೀರಿನ ಕೊಳವೆ ಒಡೆದು, ನೀರು ಟೇಪಣ್ಣನ ಗಡ್ಡಕ್ಕೇ ಚಿಮ್ಮಿತು.

"ಕಟ್ಟಿ! ಏನಾದರೂ ಕಟ್ಟಿ!" ಎಂದು ಬೀದಿ ಕೂಗಿತು. ಹೆಂಡತಿ ಟವಲು ಎಸೆದಳು. ಅದನ್ನು ಕೊಳವೆಗೆ ಸುತ್ತಿ ಬಿಗಿಯಲು ಹಗ್ಗ ಸಿಗದೆ, ಟೇಪಣ್ಣ ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ, ಕೊರಳಿನ ಟೇಪನ್ನೇ ತೆಗೆದು ಏಳು ಸುತ್ತು ಸುತ್ತಿ ಗಂಟು ಹಾಕಿದ. ನೀರು ನಿಂತಿತು. ಅಷ್ಟರಲ್ಲಿ ಅದು ಪಟ್ಟಿಯುದ್ದಕ್ಕೂ ಹರಿದು ಏಳೂ ಗುಂಡಿಗಳನ್ನು ತುಂಬಿತ್ತು. ಮೇಲೆ ನೋಡಿದರೆ ಸೂರ್ಯನೂ ಮನೆ ಸೇರುತ್ತಿದ್ದ.

ಭಾವಮೈದುನನ ಸೈಕಲ್ ಬಂತು. ಅವನು ಪಟ್ಟಿಯನ್ನು ನೋಡಿ ಬೆರಗಾದ.

"ಅಕ್ಕಾ, ಇದೇನೇ! ಕಾಬಾಳೆಗೆ ಎರಡಡಿಗೊಂದು ಗುಂಡಿ, ಒಂದು ಗೇಣು ಆಳ, ನೆಡುವ ಮೊದಲು ತುಂಬ ನೀರು. ಬೆಳಗ್ಗೆ ನಿನಗೆ ಹೇಳಿದ ಹಾಗೇ ಇದೆಯಲ್ಲ!"

"ನೀರೊಂದು ಮಾತ್ರ ದೇವರ ಕೃಪೆ ಕಣೋ," ಎಂದಳು ಅಕ್ಕ ಕೈಮುಗಿದು. "ಅದನ್ನ ನಾನು ಯಾರಿಗೂ ಹೇಳಿರಲಿಲ್ಲ."

ಟೇಪಣ್ಣ ಮೆಲ್ಲಗೆ ತಲೆಯೆತ್ತಿದ. ಇಸ್ತ್ರಿ ಅಕ್ಕನ ಬಾಗಿಲಲ್ಲಿ ಹಳೆಯ ಬಕೆಟ್ಟು, ಅದರಲ್ಲಿ ಕಾಬಾಳೆಯ ಮೊಳಕೆ. ಪೋಸ್ಟ್‌ಮಾಸ್ಟರ ಮೆಟ್ಟಿಲಲ್ಲಿ ಕುಂಡ, ಕುಂಡದಲ್ಲಿ ಮೊಳಕೆ. ಗಡಿಯಾರದವನ ಕಿಟಕಿಯಲ್ಲಿ ಎಣ್ಣೆ ಡಬ್ಬ, ಅದರಲ್ಲೂ ಒಂದು. ಮೂವರೂ ಒಮ್ಮೆಲೇ ಆಕಾಶ ನೋಡತೊಡಗಿದರು.

"ಮರವನ್ನ ಪಾರ್ಕಿನ ಗೇಟಿನ ಹತ್ತಿರ ನೆಡ್ತೀನಿ, ಭಾವ," ಎಂದ ಭಾವಮೈದುನ ಸಸಿಯನ್ನು ಸೈಕಲ್ಲಿಗೆ ಕಟ್ಟುತ್ತ. "ಅಲ್ಲಿ ಯಾರೂ ಆಲ್ಟರೇಷನ್ ಕೇಳೋದಿಲ್ಲ."

ಟೇಪಣ್ಣ ಮೂರು ದಿನ ಯಾರೊಂದಿಗೂ ಮಾತಾಡಬಾರದೆಂದು ನಿರ್ಧರಿಸಿ ಒದ್ದೆ ಬಟ್ಟೆಯಲ್ಲೇ ಮೆಟ್ಟಿಲ ಮೇಲೆ ಕುಳಿತ. ಹೆಂಡತಿ ಒಂದೊಂದೇ ಗೆಡ್ಡೆ ನೆಟ್ಟು ಮಣ್ಣು ಒತ್ತುತ್ತಿದ್ದಳು. ಆ ಹೊತ್ತಿಗೆ ವಾಕಿಂಗ್ ಹೊರಟಿದ್ದ ಪಕ್ಕದ ಬೀದಿಯ ವಕೀಲರು ಬೇಲಿಯ ಬಳಿ ನಿಂತರು.

"ಆಹಾ, ಏನು ಸಾಲು! ದಾರ ಹಿಡಿದ ಹಾಗಿದೆ. ಇದನ್ನ ತೋಡಿದ್ದು ಯಾರು?"

ಮೂರು ದಿನದ ಮೌನ ಮೂರು ನಿಮಿಷಕ್ಕೇ ಮುಗಿಯಿತು. "ನಾನೇ ಸಾರ್," ಎಂದು ಟೇಪಣ್ಣ ಎದ್ದು ನಿಂತ. "ಎರಡಡಿಗೆ ಒಂದು. ಕಾಲಂಗುಲ ಆಚೀಚೆ ಇದ್ದರೆ ಹೇಳಿ."

"ನಮ್ಮ ಮನೆ ಮುಂದೆ ಇಪ್ಪತ್ತು ಗುಂಡಿ ಬೇಕಿತ್ತಲ್ಲ."

"ಆಗಲಿ, ಮಾಡಿಕೊಡ್ತೀನಿ," ಎಂದಿತು ಬಾಯಿ. ಕೈ ಅಭ್ಯಾಸದಂತೆ ಕೊರಳಿಗೆ ಹೋಯಿತು. ಕೊರಳು ಬರಿದಾಗಿತ್ತು.

ಹೆಂಡತಿ ಒಳಗೆ ಹೋಗಿ ತನ್ನ ಹೊಲಿಗೆ ಪೆಟ್ಟಿಗೆಯಿಂದ ಒಂದು ಟೇಪು ತಂದು, ಮಣ್ಣಿನ ಕೈಯಲ್ಲೇ ಅವನ ಕೊರಳಿಗೆ ಹಾಕಿದಳು. ಟೇಪಣ್ಣ ಅದನ್ನು ಬಿಡಿಸಿ ನೋಡಿದ. ಸರಿಯಾಗಿ ಎರಡು ಅಡಿಗೊಂದರಂತೆ ಅದಕ್ಕೆ ಕೆಂಪು ದಾರದ ಗಂಟು ಹಾಕಿತ್ತು.

"ಮತ್ತೆ?" ಎಂದಳು ಅವಳು. "ಗುರುತು ಹಾಕದೆ ಕತ್ತರಿ ಹಾಕಬಾರದು ಅಂತ ನಲವತ್ತು ವರ್ಷದಿಂದ ಹೇಳಿಕೊಟ್ಟದ್ದು ಯಾರು?"

ಟೇಪಣ್ಣ ಗಂಟುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿನೋಡಿದ. ಒಂದೂ ತಪ್ಪಿರಲಿಲ್ಲ. ಕೊನೆಗೆ, ಸಿಟ್ಟಿಗಾಗಿ ಮಾಡಿಟ್ಟುಕೊಂಡಿದ್ದ ಮುಖದಲ್ಲೇ ವಕೀಲರ ಕಡೆ ತಿರುಗಿ, "ನಮ್ಮವಳು ಸಾರ್," ಎಂದ. "ನನ್ನ ಹತ್ತಿರವೇ ಕಲಿತದ್ದು."