ಮಾಮಾನ ಬೂದಿ ಬಟ್ಟಲು

ನಿಮ್ಮ ಮನೆಯ ಒಲೆಯಲ್ಲಿ ಎಂದಾದರೂ ಗುಲಾಬಿ ಬಣ್ಣದ ಬೂದಿ ಬಿದ್ದದ್ದುಂಟೇ? ಇಲ್ಲವೆಂದರೆ ನೀವು ನೆಮ್ಮದಿಯಿಂದ ಉಂಡು ಮಲಗುವವರು. ನನ್ನ ಸೋದರಮಾವನಿಗೆ ಆ ಭಾಗ್ಯವಿರಲಿಲ್ಲ. ಬೂದಿ ಗುಲಾಬಿಯಾದ ದಿನ ಅವರು ಅನ್ನ ಮುಟ್ಟುತ್ತಿರಲಿಲ್ಲ. ಹಸಿರಾದ ದಿನ ಮನೆಯವರಾರೂ ಅವರನ್ನು ಮಾತನಾಡಿಸುತ್ತಿರಲಿಲ್ಲ!

ಅಕ್ಕಲಕೋಟೆಗೆಲ್ಲ ಅವರಂಥ ವಿಚಿತ್ರ ಮನುಷ್ಯ ಇನ್ನೊಬ್ಬರಿರಲಿಲ್ಲ ಎಂಬುದು ನನ್ನ ವಾದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳಾದ್ದರಿಂದ ಪುರಾವೆಯಿಲ್ಲದೆ ಪಕ್ಕದ ಮನೆಯ ಬೆಕ್ಕನ್ನೂ ನಾನು ದೂರುವುದಿಲ್ಲ. ಕೇಳಿ.

ಮಾಮಾ ಸೊಲ್ಲಾಪುರದ ಚಾದರ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ನೂಲಿನ ಬಣ್ಣ ಹೊಂದಿಸಿದವರು. ಕಾರ್ಖಾನೆ ಮುಚ್ಚಿದ ಮೇಲೆ, ತೊಂಬತ್ತರ ದಶಕದ ಕೊನೆಗೆ, ಅಕ್ಕಲಕೋಟೆಯ ತಮ್ಮ ಮನೆಯ ಪಡಸಾಲೆಯಲ್ಲಿ ಫೋಟೋ ಸ್ಟುಡಿಯೋ ತೆರೆದರು. ಫೋಟೋವನ್ನು ಕಂಪ್ಯೂಟರಿಗೆ ಏರಿಸಿ ಪ್ರಿಂಟರಿನಿಂದ ಇಳಿಸುವ ವಿದ್ಯೆ ಆಗ ಊರಿಗೇ ಹೊಸದು. ಆದರೆ ಪ್ರಿಂಟರ್ ಕಂಪನಿಯದೇ ಇಂಕು ಬಂಗಾರದಷ್ಟು ತುಟ್ಟಿ! ಆದ್ದರಿಂದ ಮಾಮಾ ಸೊಲ್ಲಾಪುರದ ನವಿ ಪೇಠೆಯ ಅಂಗಡಿಯಿಂದ ಇನ್ನಾರೋ ತಯಾರಿಸಿದ ಅಗ್ಗದ ಇಂಕಿನ ಬಾಟಲಿ ತಂದು, ಖಾಲಿ ಕಾರ್ಟ್ರಿಜ್ಜಿಗೆ ಸಿರಿಂಜಿನಿಂದ ಚುಚ್ಚಿ ತುಂಬುತ್ತಿದ್ದರು.

ಒಮ್ಮೆ ಬಾಗಿಲಲ್ಲಿ ನಿಂತು ಇದನ್ನು ನೋಡಿದ ಮುದುಕಿಯೊಬ್ಬಳು ಒಳಬಂದು ತೋಳು ಚಾಚಿದಳು.

"ಡಾಕ್ಟರಸಾಹೇಬ್ರ, ಮೂರು ದಿನ ಆತ್ರಿ ಥಂಡಿಜ್ವರ. ನನಗೂ ಒಂದು ಸೂಜಿ ಹಾಕ್ರಿ."

"ಇದು ಫೋಟೋದ ಇಂಕು ಆಯಿ, ಔಷಧ ಅಲ್ಲ."

"ಇರ್ಲಿ ಬಿಡ್ರಿ. ಆ ಕೆಂಪಂದೇ ಹಾಕ್ರಿ, ಮೈಯಾಗ ರಕ್ತ ಕಮ್ಮಿ ಅದ!"

ಇದಕ್ಕಿಂತ ದೊಡ್ಡ ಪುರಾವೆ ಬೂದಿಯದು. ಯಾರೇ ಫೋಟೋಗೆ ಕುಳಿತರೂ ಅವರ ಭುಜದ ಪಕ್ಕ, ಸ್ಟೂಲಿನ ಮೇಲೆ, ಮಾಮಾ ಒಂದು ಬಟ್ಟಲು ಬೂದಿ ಇಡುತ್ತಿದ್ದರು. ಪ್ರಿಂಟಾದ ಮೇಲೆ ಆ ಅಂಚನ್ನು ಕತ್ತರಿಸುತ್ತಿದ್ದರು. ನಂದೇಶ್ವರದಿಂದ ನೆಂಟರ ಮನೆಗೆ ಬಂದಿದ್ದ ಬೌದ್ಧ ದಂಪತಿಯ ಪಕ್ಕದಲ್ಲೂ ಬಟ್ಟಲು ಕಂಡ ದಿನ ನನ್ನ ಸುಧಾರಕ ರಕ್ತ ಕುದಿಯಿತು. ಒಬ್ಬರ ವಿಭೂತಿಯನ್ನು ಇನ್ನೊಬ್ಬರ ಮೇಲೆ ಹೇರುವುದು ಎಷ್ಟು ಸರಿ? ಗಿರಾಕಿಗಳು ಹೋದೊಡನೆ ಮೌಢ್ಯದ ವಿರುದ್ಧ ಮೂರು ಅಂಶಗಳನ್ನು ಉಪಸಂಹಾರಸಹಿತ ಮಂಡಿಸಿದೆ.

"ಮುಗೀತೇನವಾ ಭಾಷಣ?" ಎಂದರು ಮಾಮಾ.

"ಮುಗೀತ್ರಿ."

"ಇದು ವಿಭೂತಿ ಅಲ್ಲ, ನೀರು ಕಾಸೂ ಬಂಬಿನ ಬೂದಿ. ಕೆಂಪೂ ಅಲ್ಲ, ಹಸಿರೂ ಅಲ್ಲ, ನೀಲಿನೂ ಅಲ್ಲ. ಇದಕ್ಕ ತನ್ನದು ಅನ್ನೂ ಬಣ್ಣಾನೇ ಇಲ್ಲ. ಫೋಟೋದಾಗ ಇದು ಗುಲಾಬಿ ಕಂಡ್ರ, ಆ ಗುಲಾಬಿ ಯಾರ್ದು?"

"ಇಂಕಿಂದು," ಎಂದೆ, ಒಲ್ಲದ ಮನಸ್ಸಿನಿಂದ.

"ಹಾಂ! ಫೋಟೋದಾಗಿನ ಮಾರಿ ಸುಳ್ಳು ಹೇಳ್ತದವಾ. ಬೂದಿ ಹೇಳಾಂಗಿಲ್ಲ."

ನನ್ನ ಮೂರು ಅಂಶಗಳೂ ಉಪಸಂಹಾರವೂ ಅದೇ ಬಟ್ಟಲಿಗೆ ಬಿದ್ದವು.

ಆಮೇಲೆ ನನ್ನ ಸರದಿ ಬಂತು. ಸೊಲ್ಲಾಪುರದ ಮನೆತನವೊಂದು ನನ್ನ ಫೋಟೋ ಕೇಳಿತ್ತು. ಓದಿದ ಹುಡುಗ, ನೌಕರಿಯಲ್ಲಿದ್ದವನು. ಈ ಸಂಬಂಧ ಕೂಡಿಬರಲೆಂದು ಅವ್ವ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು. ನಾನೋ, ಕಪ್ಪು. ಎರೆಮಣ್ಣಿನ ಕಪ್ಪು. ಅವ್ವ ನನ್ನನ್ನು ಬಸ್ಸು ಹತ್ತಿಸಿ ತಮ್ಮನ ಸ್ಟುಡಿಯೋಗೇ ಕರೆತಂದಳು.

ಮೊದಲ ಪ್ರಿಂಟು ಇಳಿಯಿತು. ಆಹಾ! ಹೊಸ ಬಾಟಲಿಯ ಗುಲಾಬಿ ಮುಂದೆ ನುಗ್ಗಿ, ನೀಲಿ ಒಳಗೇ ಸಿಕ್ಕಿಕೊಂಡು, ನಾನು ದಾಳಿಂಬೆ ಕಾಳಿನಂತಾಗಿದ್ದೆ!

"ಅಯ್ಯ ನಮ್ಮವ್ವಾ, ಎಷ್ಟು ಛಂದ ಬಂದಾಳ! ತಮ್ಮಾ, ಇದನ್ನೇ ಕಳಸೂಣು," ಎಂದಳು ಅವ್ವ.

ಮಾಮಾ ಬಟ್ಟಲನ್ನು ಪ್ರಿಂಟಿನ ಪಕ್ಕ ಹಿಡಿದರು. "ಅಕ್ಕಾ, ಬೂದಿ ನೋಡು. ಗುಲಾಬಿ ಆಗ್ಯದ."

"ನಾವೇನು ಬೂದಿ ಲಗ್ನಾ ಮಾಡಾಕತ್ತೀವೇನು?"

"ಫೋಟೋ ಹೋದ ಮನಿಗೆ ನಾಳಿಗೆ ಹುಡುಗಿನೂ ಹೋಗಬೇಕಲ್ಲ?"

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಬಣ್ಣದಿಂದ ಹೆಣ್ಣನ್ನು ಅಳೆಯಬಾರದೆಂದು ಮಾತನಾಡಿ ಎರಡು ವರ್ಷ ಸತತವಾಗಿ ಚರ್ಚಾಸ್ಪರ್ಧೆಯ ಢಾಲು ಗೆದ್ದವಳು ನಾನು. ಆ ಗುಲಾಬಿ ಮುಖದಿಂದ ಕಣ್ಣು ಕೀಳಲಾರದೆ ಸಣ್ಣ ದನಿಯಲ್ಲಿ ಅಂದೆ: "ಇರ್ಲಿ ಬಿಡ್ರಿ ಮಾಮಾ. ಸ್ವಲ್ಪ ಕೆಂಪಿದ್ರ ಏನಾತು?"

ಮಾಮಾ ನನ್ನತ್ತ ನೋಡಲಿಲ್ಲ. ಪ್ರಿಂಟರಿನ ಮುಚ್ಚಳ ತೆಗೆಯುತ್ತ ಹೇಳಿದರು: "ಇಪ್ಪತ್ತು ವರ್ಷದಾಗ ಒಂದು ಚಾದರಾನೂ ಸುಳ್ಳು ಬಣ್ಣದ್ದು ಹೊರಗ ಬಿಟ್ಟಿಲ್ಲ. ನನ್ನ ಅಕ್ಕನ ಮಗಳನ್ನ ಬಿಡ್ಲೇನು?"

ಆ ಹಗಲೆಲ್ಲ ದುರಸ್ತಿ ನಡೆಯಿತು. ಮೊದಲು ಪ್ರತಿ ಬಣ್ಣದ ಗೆರೆಗಳನ್ನು ಬರಿ ಕಾಗದದ ಮೇಲೆ ಇಳಿಸಿ ನೋಡಿದರು. ನೀಲಿ ಗೆರೆ ಅಲ್ಲಲ್ಲಿ ತುಂಡಾಗಿತ್ತು. ಇಂಕು ಉಗುಳುವ ಯಂತ್ರದ ಬಾಯಿ ಸ್ವಚ್ಛವಾಯಿತು. ಬಳಿಕ ಯಾವ ಜಾತಿಯ ಕಾಗದ ಹಾಕಿದೆ ಎಂಬುದನ್ನು ಕಂಪ್ಯೂಟರಿಗೆ ಸರಿಯಾಗಿ ತಿಳಿಸಿದರು. ಕೊನೆಗೆ ಗುಲಾಬಿಯನ್ನು ಕೂದಲೆಳೆಯಷ್ಟು ತಗ್ಗಿಸಿದರು. ಅವಸರಪಟ್ಟ ನನಗೆ ಬೈಗುಳ ಬೇರೆ: "ಒಂದು ಸಲಕ್ಕ ಒಂದೇ ಬದಲು ಮಾಡಬೇಕವಾ. ಎರಡು ಮಾಡಿದ್ರ ತಪ್ಪು ಯಾವುದಿತ್ತಂತ ದೇವರಿಗೂ ತಿಳಿಯಾಂಗಿಲ್ಲ!"

ಪ್ರತಿ ಪ್ರಿಂಟೂ ಒಣಗಬೇಕು. ಒಣಗಿದ ಮೇಲೆ ಟ್ಯೂಬ್‌ಲೈಟಿನಲ್ಲಲ್ಲ, ಹೊಸ್ತಿಲ ಹಗಲು ಬೆಳಕಿನಲ್ಲಿ ನೋಡಬೇಕು. ನಾನು ಒಮ್ಮೆ ನೀಲಮೇಘಶ್ಯಾಮಳಾದೆ, ಒಮ್ಮೆ ಕಾಮಾಲೆಯ ರೋಗಿಯಾದೆ. ಆರನೆಯ ಹಾಳೆಯಲ್ಲಿ ಬೂದಿ ಬೂದಿಯಾಯಿತು. ನಾನು ನಾನಾದೆ.

"ಇದು ಖರೇ," ಎಂದರು ಮಾಮಾ.

ಆ ಫೋಟೋ ಹುಡುಗನ ಮನೆಗೆ ಹೋಯಿತು. ಎಂಟನೆಯ ದಿನ, ಮಾತಿಲ್ಲದೆ, ಮರಳಿ ಬಂತು. ಅವ್ವ ಅತ್ತಳು, ತಮ್ಮನೊಡನೆ ಮಾತು ಬಿಟ್ಟಳು. ನಾನು ಅಕ್ಕಲಕೋಟೆಗೆ ಹೋಗಿ ಆ ಲಕೋಟೆಯನ್ನು ಮಾಮಾನ ಮೇಜಿನ ಮೇಲೆ ಎಸೆದು ಬಂದೆ.

ಕೆಲವು ತಿಂಗಳ ನಂತರ, ಸಿಟ್ಟು ಇಳಿದ ಮೇಲೆ ಹೋದಾಗ, ಸ್ಟೂಲಿನ ಮೇಲೆ ಬಟ್ಟಲಿರಲಿಲ್ಲ. ಮಾಮಾ ಆಗಷ್ಟೇ ಹೊಸ ಇಂಕು ತುಂಬಿದ್ದರು. ಬೆಳಕಿಗೆ ಬಣ್ಣ ಹಾರದಂತೆ ಕಪ್ಪು ಕಾಗದದಲ್ಲಿ ಸುತ್ತಿಟ್ಟಿದ್ದ ಒಂದು ಫೋಟೋ ಬಿಚ್ಚಿದರು. ನನ್ನದು! ಮರಳಿ ಬಂದದ್ದೇ. ಹೊಸ ಇಂಕಿನಲ್ಲಿ ಅದೇ ಮುಖವನ್ನು ಇಳಿಸಿ, ಎರಡನ್ನೂ ಹೊಸ್ತಿಲಲ್ಲಿ ಅಕ್ಕಪಕ್ಕ ಹಿಡಿದರು.

"ಬೂದಿ ಎಲ್ರಿ ಮಾಮಾ?"

"ಅದು ಗಾಳಿಗೆ ಹಾರ್ತದ. ಈಗ ಯಾವ ಇಂಕು ಬಂದ್ರೂ ಇದಕ್ಕೇ ಹೊಂದಸ್ತೀನಿ. ಇದು ಸರಿ ಬಂತಂದ್ರ ಊರ ಮಂದಿ ಎಲ್ಲಾ ಸರಿ ಬರ್ತಾರ."

"ಮಾರಿ ಸುಳ್ಳು ಹೇಳ್ತದ ಅಂದಿದ್ರಿ?"

"ಇದು ಹೇಳಾಂಗಿಲ್ಲ."

ಮಾಮಾ ಈಗಿಲ್ಲ. ನನ್ನ ಬಣ್ಣದ ಪರವಾಗಿ ನಾನು ವೇದಿಕೆಗಳ ಮೇಲೆ ಗಂಟೆಗಟ್ಟಲೆ ಮಾತನಾಡಿದ್ದೆ. ಅದಕ್ಕಾಗಿ ಐದು ಹಾಳೆ ಕೆಡಿಸಿ, ಅಕ್ಕನ ಮಾತನ್ನೂ ಕಳೆದುಕೊಂಡವರು ಅವರೊಬ್ಬರೇ. ಅವರಿಗೆ ನಾನು ಕೃತಜ್ಞೆ. ಅವರಿರುವಾಗ ಈ ಮಾತು ಹೇಳಲಿಲ್ಲ. ಈಗ ನಿಮ್ಮೆದುರು ಹೇಳುತ್ತಿದ್ದೇನೆ.

ಕೊನೆಗೊಂದು ವಿನಂತಿ. ನಿಮ್ಮ ಮನೆಯ ಹುಡುಗಿಯ ಫೋಟೋ ಮಾಡಿಸಿದಾಗ ಅದನ್ನು ಹೊಸ್ತಿಲಿಗೆ ತಂದು, ಹಗಲು ಬೆಳಕಿನಲ್ಲಿ, ಅವಳ ಕೆನ್ನೆಯ ಪಕ್ಕ ಹಿಡಿದು ನೋಡಿ. ಎರಡೂ ಒಂದೇ ಬಣ್ಣವಿರದಿದ್ದರೆ, ದಯವಿಟ್ಟು ಫೋಟೋವನ್ನು ತಿದ್ದಿಸಿ.